ಒಲೆಯವಳ ಹೊಟ್ಟೆ

ಸಾರಿನ ಒಗ್ಗರಣೆಗೆ ಸಾಸಿವೆ ಸಿಡಿಯುವುದನ್ನು ಕಾಯುತ್ತ ನಿಂತಿದ್ದಾಗಲೇ, ಪೇಟೆಯ ಹೋಟೆಲಿನಲ್ಲಿ ಇವರು ಎರಡನೆಯ ತಟ್ಟೆ ಬೋಂಡಕ್ಕೆ ಕೈ ಹಾಕಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಹೊಕ್ಕುಳಿನ ಸುತ್ತ ಮೊದಲು ಒಂದು ಗುಡುಗುಡು, ಆಮೇಲೆ ಯಾರೋ ಒದ್ದೆ ಸೀರೆಯನ್ನು ಎರಡು ಕೈಯಲ್ಲಿ ಹಿಂಡಿದಂಥ ನೋವು. ಸೌಟು ಕೆಳಗಿಟ್ಟೆ. ಅಡುಗೆಕಟ್ಟೆಯ ಅಂಚಿಗೆ ಹೊಟ್ಟೆಯನ್ನು ಒತ್ತಿಕೊಂಡು ಉಸಿರು ಬಿಗಿಹಿಡಿದು ನಿಂತೆ. ಸಾಸಿವೆ ಸಿಡಿಯಿತು, ಕರಿಬೇವು ಹಾಕುವ ಹೊತ್ತು ಮೀರಿತು, ಎಣ್ಣೆ ಕಪ್ಪಾಯಿತು.

"ಏನೇ ದಾಕ್ಷಾಯಿಣಿ, ಸೀದ ವಾಸನೆ?" ಎಂದು ಪಡಸಾಲೆಯಿಂದ ಅತ್ತೆ ಕೂಗಿದರು.

"ನಿಮ್ಮ ಮಗ ಹೋಟೆಲಲ್ಲಿದ್ದಾರೆ," ಎಂದೆ.

"ಅವನ ನಾಲಗೆ ಸುಟ್ಟುಹೋಗ! ಜೀರಿಗೆ ನೀರು ಕುಡಿ, ಹೋಗು," ಎಂದರು ಅತ್ತೆ. ಇದು ನಮ್ಮಿಬ್ಬರ ನಿತ್ಯದ ಮಾತು. ಜೀರಿಗೆ ನೀರಿನ ಚೊಂಬು ಒಲೆಯ ಪಕ್ಕದಲ್ಲೇ ಇರುತ್ತಿತ್ತು.

ನಮ್ಮೂರಿನಲ್ಲಿ ಹಾಗೆ. ಮನೆಯ ಒಲೆಯನ್ನು ಯಾರ ಕೈ ಹೊತ್ತಿಸುತ್ತದೋ ಆ ಮನೆಯ ಹೊಟ್ಟೆನೋವೆಲ್ಲ ಅವರಿಗೆ. ತಿಂದವರು ಬಾಯಿ ಒರೆಸಿಕೊಂಡು ಸುಖವಾಗಿ ನಿದ್ದೆ ಮಾಡುತ್ತಾರೆ, ಒಲೆಯವಳು ಚಾಪೆಯ ಮೇಲೆ ಮುದುಡಿಕೊಳ್ಳುತ್ತಾಳೆ. ಹಾಗಾಗಿ ನಮ್ಮೂರಿನ ಹೋಟೆಲುಗಳಲ್ಲಿ ಎರಡನೆಯ ತಟ್ಟೆ ಕೇಳಿದರೆ, "ಒಲೆಯವರನ್ನ ಕೇಳಿದ್ದೀರಾ ಸ್ವಾಮಿ?" ಎಂದು ವಿಚಾರಿಸುವ ವಾಡಿಕೆ. ಒಂದು ದೊಡ್ಡ ಮದುವೆಯಾದರೆ ಮಾರನೆಯ ದಿನ ಬೀದಿಯ ಹೆಂಗಸರೆಲ್ಲ ಮಲಗಿರುತ್ತಾರೆ, ಎಲ್ಲರ ಮನೆಯಲ್ಲೂ ಅವಲಕ್ಕಿಯೇ ಊಟ. ಗ್ಯಾಸ್ ಒಲೆ ಬಂದಾಗ ಇನ್ನು ಈ ಕಾಟ ತಪ್ಪೀತೇನೋ ಎಂದು ಒಂದಷ್ಟು ದಿನ ಆಸೆಪಟ್ಟರು. ತಪ್ಪಲಿಲ್ಲ. ಬೆಂಕಿಕಡ್ಡಿ ಹೋಗಿ ಲೈಟರ್ ಬಂತು, ಅಷ್ಟೇ. ಅದನ್ನು ಹಿಡಿದ ಕೈ ಯಾರದೋ ನೋವೂ ಅವರದೇ.

ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಹೋದರೆ ಅವರು ನಮ್ಮ ನಾಡಿ ಹಿಡಿಯುವ ಗೋಜಿಗೇ ಹೋಗುವುದಿಲ್ಲ. "ಯಜಮಾನರನ್ನ ಕರಕೊಂಡು ಬನ್ನಿ," ಎನ್ನುತ್ತಾರೆ. ಇವರ ನಾಲಗೆ ನೋಡಿದರು, ಮಗ ಪ್ರಭುದೇವನ ಹೊಟ್ಟೆ ಒತ್ತಿದರು, ಅತ್ತೆಯ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಮೂವರಿಗೂ ಚೂರ್ಣ ಕೊಟ್ಟರು. ಮೂವರೂ ಶ್ರದ್ಧೆಯಿಂದ ನುಂಗಿದರು. ನನ್ನ ನೋವು ಇದ್ದಲ್ಲೇ ಇತ್ತು.

ಎಲ್ಲ ಮನೆಯ ಒಲೆಯೂ ಒಂದೇ ಥರ ಇರುವುದಿಲ್ಲ. ಕೆಲವು ಹಗುರ. ಹಬ್ಬದ ಮಾರನೆಯ ದಿನ ಒಂದಿಷ್ಟು ಉಬ್ಬರ, ಒಂದು ತೇಗು, ಮುಗಿಯಿತು. ನಮ್ಮ ಮನೆಯದು ಭಾರದ ಒಲೆ ಎಂದು ಬೀದಿಗೆಲ್ಲ ಗೊತ್ತಿತ್ತು. ನಾನು ಮದುವೆಯಾಗಿ ಬಂದಾಗ ಅಷ್ಟೇನೂ ಇರಲಿಲ್ಲ. ವಯಸ್ಸಾಗುತ್ತ ಆಗುತ್ತ ಹೆಚ್ಚಿತು. ಬೆಳಿಗ್ಗೆ ತಿಂಡಿಯ ಹೊತ್ತು ಕಳೆದ ಮೇಲೆ ಒಮ್ಮೆ, ಸಂಜೆ ಒಮ್ಮೆ, ಹೇಳಿ ಕಳಿಸಿದ ನೆಂಟರಂತೆ ತಪ್ಪದೆ ಬರುತ್ತಿತ್ತು. ನಾನು ಇವರ ಮೇಲೆ ಹಾಕುತ್ತಿದ್ದೆ. ಇವರು ಪ್ರಭುವಿನ ಮೇಲೆ ಹಾಕುತ್ತಿದ್ದರು. ಅಪ್ಪ ಮಗ ಇಬ್ಬರೂ ನಮ್ಮ ಕನ್ನಡಕದ ಅಂಗಡಿಯಲ್ಲಿ ಎದುರುಬದುರು ಕೂತು, "ನೀನು ತಿಂದ್ಯಾ?" "ನೀವು ತಿಂದ್ರಾ?" ಎಂದು ಜಗಳವಾಡುತ್ತಿದ್ದರಂತೆ. ಎದುರು ಮನೆಯ ರುದ್ರಾಣಮ್ಮ, "ನಿಮ್ಮ ಮನೆ ಗಂಡಸರ ಬಾಯಿಗೆ ಒಂದು ಕದ ಇಡಿಸು ದಾಕ್ಷಾಯಿಣಿ, ಬಡಗಿಗೆ ನಾನೇ ಹೇಳ್ತೀನಿ," ಎಂದು ನಗುತ್ತಿದ್ದಳು.

ಪ್ರಭುವಿನ ಮದುವೆಯಾಯಿತು. ಸೊಸೆ ಸಿಂಚನ ಹೊಳೆಯಾಚೆಯ ಊರಿನವಳು. ಆ ಕಡೆ ಈ ಕಟ್ಟಳೆ ಇಲ್ಲ, ಅವರವರ ಹೊಟ್ಟೆ ಅವರವರದು. ಬಂದ ಹೊಸತರಲ್ಲಿ ಇವಳು ಹುಣಿಸೆಕಾಯಿ ಸಿಕ್ಕಿತೆಂದು ಉಪ್ಪು ಹಚ್ಚಿ ತಿಂದೇ ತಿಂದಳು. ನಾನು ಒಳಗೆ ಗೋಡೆ ಹಿಡಿದು ಕೂತಿದ್ದನ್ನು ನೋಡಿ, ಯಾರೋ ವಿಷಯ ಹೇಳಿದ ಮೇಲೆ ಓಡಿ ಬಂದು ಕಾಲು ಹಿಡಿದುಕೊಂಡು ಅತ್ತಳು. "ಇದು ನಾಳೆ ನಿನಗೂ ಅಭ್ಯಾಸ ಆಗುತ್ತೆ, ಏಳಮ್ಮ," ಎಂದು ಅತ್ತೆ ಸಮಾಧಾನ ಹೇಳಿದರು. ಅವಳು ಇನ್ನೂ ಜೋರಾಗಿ ಅತ್ತಳು.

ಹೊಸ ಸೊಸೆಗೆ ದೀಪಾವಳಿಯ ಪಾಡ್ಯದ ದಿನ ಒಲೆ ಒಪ್ಪಿಸುವುದು ನಮ್ಮಲ್ಲಿನ ಪದ್ಧತಿ. ತಟ್ಟೆಯಲ್ಲಿ ಬೆಂಕಿಪೊಟ್ಟಣ, ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು ಕೊಡಬೇಕು, ಅವಳು ಒಲೆ ಹೊತ್ತಿಸಿ ಹಾಲುಕ್ಕಿಸಬೇಕು. ಆ ಗಳಿಗೆಯಿಂದ ಹಳಬಳಿಗೆ ಬಿಡುಗಡೆ. ನನಗೆ ಅತ್ತೆ ಒಪ್ಪಿಸಿದ್ದೂ ಹಾಗೆಯೇ. ಅಂದಿನಿಂದ ಅವರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡದ್ದನ್ನು ನಾನು ನೋಡಿಲ್ಲ.

"ಇನ್ನೇನು, ಪಾಡ್ಯ ಹತ್ತಿರ ಬಂತಲ್ಲ. ಆಮೇಲೆ ನೀನು ಮಹಾರಾಣಿ," ಎಂದು ಬೀದಿಯವರೆಲ್ಲ ಹೇಳತೊಡಗಿದರು. ಹೇಳಿ, ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ಸಿಂಚನಳ ಕಡೆ ಒಂದು ಸಲ ನೋಡಿ ದನಿ ತಗ್ಗಿಸುತ್ತಿದ್ದರು. "ಪಾಪ. ಕಡ್ಡಿಯಂಗವ್ಳೆ ಹುಡುಗಿ."

ನನಗೆ ಬಿಡುಗಡೆ ಬೇಡವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಬೇಕಿತ್ತು. ಸೀರೆ ಉಡುವಾಗ ನೆರಿಗೆ ಸಡಿಲವಾಗಿ ಸಿಕ್ಕಿಸುವುದು, ಯಾರದೋ ಮನೆಗೆ ಹೋದಾಗ ಬಚ್ಚಲು ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳುವುದು, ನಗುವಾಗ ಕೂಡ ಹೊಟ್ಟೆ ಹಿಡಿದುಕೊಂಡೇ ನಗುವುದು. ಇದೆಲ್ಲ ಒಂದು ದಿನಕ್ಕೆ ಮುಗಿಯುತ್ತದೆಂದರೆ ಯಾರಿಗೆ ಬೇಡ? ಆದರೆ ಆ ಹುಡುಗಿ ಬೆಳಿಗ್ಗೆ ಎದ್ದು ಹಾಡು ಗುನುಗುತ್ತ ತಲೆ ಬಾಚಿಕೊಳ್ಳುವುದನ್ನು ನೋಡಿದಾಗ, ಇಂಥ ಒಲೆಯನ್ನು ಇವಳ ಕೈಗೆ ಹೇಗೆ ಇಡಲಿ ಎಂದು ಅನ್ನಿಸುತ್ತಿತ್ತು. ನೋವು ಎಲ್ಲಿಂದ ಬರುತ್ತಿದೆ ಎಂದು ಪಾಡ್ಯದೊಳಗೆ ಹಿಡಿಯಬೇಕು, ಹಿಡಿಯದೆ ಒಪ್ಪಿಸಬಾರದು ಎಂದುಕೊಂಡೆ.

ದಾರಿ ಹೇಳಿದ್ದು ಸಿಂಚನಳೇ. ಅವಳ ಚಿಕ್ಕಮ್ಮನಿಗೆ ಹೊಟ್ಟೆಯ ತೊಂದರೆ ಇದ್ದಾಗ ಅಲ್ಲಿಯ ಆಸ್ಪತ್ರೆಯ ನರ್ಸ್ ಹೇಳಿಕೊಟ್ಟದ್ದಂತೆ.

"ಯಾವುದರ ಮೇಲೆ ಅನುಮಾನ ಇದ್ಯೋ ಅದನ್ನೆಲ್ಲ ಒಟ್ಟಿಗೆ ಬಿಡಬೇಕು ಅತ್ತೆ. ಹೊಟ್ಟೆ ಪೂರ್ತಿ ತಣ್ಣಗಾಗೋವರೆಗೂ. ಆಮೇಲೆ ಒಂದೊಂದೇ ವಾಪಸ್ ತರೋದು. ಒಂದನ್ನ ತಂದು ಮೂರ್ನಾಕು ದಿನ ಸುಮ್ನೆ ನೋಡಬೇಕು. ಎರಡು ಒಟ್ಟಿಗೆ ತಂದ್ರೆ ಕಳ್ಳ ಯಾರು ಅಂತ ಗೊತ್ತಾಗಲ್ಲ."

"ಅವರದು ಒಂದೇ ಬಾಯಿ ಕಣಮ್ಮ. ನಮ್ಮನೇಲಿ ಎಷ್ಟು ಬಾಯಿ!"

"ಹಾಗಾದ್ರೆ ಎಲ್ಲಾ ಬಾಯಿಗೂ ಬಿಡಿಸೋಣ," ಎಂದಳು ಸಲೀಸಾಗಿ.

ಆ ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ಹೇಳಿದೆ. ನಾಳೆಯಿಂದ ಈರುಳ್ಳಿ, ಬೆಳ್ಳುಳ್ಳಿ, ಬೇಳೆಕಾಳು, ಗೋಧಿ, ಕಡಲೆಹಿಟ್ಟು, ಹಾಲು, ಮೊಸರು ಯಾವುದೂ ಇಲ್ಲ. ಅನ್ನ, ರಾಗಿ, ಪಡವಲ, ಸೋರೆ, ಸೌತೆ, ಕ್ಯಾರೆಟ್ಟು, ಜೀರಿಗೆ ಮೆಣಸಿನ ತಿಳಿಸಾರು. ಇವರು ತುತ್ತು ಬಾಯಿಯ ಹತ್ತಿರ ಹಿಡಿದುಕೊಂಡು ಹಾಗೇ ಕೂತುಬಿಟ್ಟರು.

"ನಾನೇನು ಬಾಣಂತಿಯಾ?"

"ಬಾಣಂತೀನೇ ವಾಸಿ. ಅವಳಿಗೆ ಬೆಳ್ಳುಳ್ಳಿ ಆದ್ರೂ ಕೊಡ್ತಾರೆ," ಎಂದ ಪ್ರಭು.

ಅತ್ತೆಗೆ ಹಾಲು ಎಂಬ ಮಾತು ತಡವಾಗಿ ತಲೆಗೆ ಹೋಯಿತು. "ಅಂದ್ರೆ ಕಾಫಿ?" ಎಂದರು ಸಣ್ಣ ದನಿಯಲ್ಲಿ. ಶುಂಠಿ ಕಷಾಯ ಎಂದೆ. ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದರು. ಬೆಳಿಗ್ಗೆ ಕಷಾಯದ ಲೋಟ ಮುಂದಿಟ್ಟಾಗ ಅದನ್ನು ತೀರ್ಥದಂತೆ ಅಂಗೈಗೆ ಹಾಕಿಕೊಂಡು ನೆಕ್ಕಿ, "ಸಾಯೋ ಕಾಲಕ್ಕೆ ಇದೊಂದು ನೋಡಬೇಕಾಗಿತ್ತು," ಎಂದರು. ಆದರೂ ಕುಡಿದರು. ನನ್ನ ನೋವು ಎಂಥದೆಂದು ಮನೆಯಲ್ಲಿ ಅಂದಾಜಿದ್ದದ್ದು ಅವರೊಬ್ಬರಿಗೇ.

ಹೋಟೆಲಿನ ಶೇಷಪ್ಪನಿಗೆ ನಾನೇ ಹೋಗಿ ಹೇಳಿ ಬಂದೆ. ಅವನಿಗೆ ಇದು ಪ್ರತಿಷ್ಠೆಯ ಪ್ರಶ್ನೆಯಾಯಿತು. ಯಾಕೆಂದರೆ ಅವನ ಬೋಂಡದ ಮೇಲೆ ಇಡೀ ಬೀದಿಯ ಗುಮಾನಿ ಇತ್ತು. ಇವರು ಅಂಗಡಿಯಿಂದ ಇಳಿದು ಆ ಕಡೆ ತಲೆ ಹಾಕಿದರೆ ಸಾಕು, "ಶಂಭಣ್ಣ, ನಿಮಗೆ ನೀರು ಮಾತ್ರ. ಅದೂ ಬಿಸಿನೀರು," ಎಂದು ಕೂತವರಿಗೆಲ್ಲ ಕೇಳುವಂತೆ ಕೂಗುತ್ತಿದ್ದನಂತೆ. ಪ್ರಭುವಿನ ಮೇಲೆ ಸಿಂಚನ ಕಣ್ಣಿಟ್ಟಿದ್ದಳು. ಅವನು ಮನೆಗೆ ಬಂದ ಕೂಡಲೇ ಬಾಯಿ ಮೂಸಿ ನೋಡುತ್ತಿದ್ದಳು. ಅವರಿಬ್ಬರಿಗೆ ಅದೊಂದು ಆಟವೂ ಆಗಿತ್ತು, ನಾನು ನೋಡದವಳಂತೆ ಒಳಗೆ ಹೋಗುತ್ತಿದ್ದೆ.

ಮೊದಲ ವಾರ ಏನೂ ಬದಲಾದಂತೆ ಕಾಣಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಸೋರೆಕಾಯಿ ಹೆಚ್ಚುತ್ತ ಕೂತಿದ್ದವಳಿಗೆ, ತಿಂಡಿಯ ಹೊತ್ತು ಎಂದೋ ಕಳೆದುಹೋಗಿದೆ ಎಂದು ತಟ್ಟನೆ ಹೊಳೆಯಿತು. ನೋವು ಬಂದಿರಲಿಲ್ಲ. ಬರಬಹುದೆಂದು ಕಾದೆ. ಮಧ್ಯಾಹ್ನವಾಯಿತು, ಸಂಜೆಯಾಯಿತು. ಹೊಟ್ಟೆಯೊಳಗೆ ಪೂಜೆ ಮುಗಿದ ಗುಡಿಯಂಥ ನಿಶ್ಶಬ್ದ. ಮೆಲ್ಲಗೆ ಕೈಯಿಟ್ಟು ನೋಡಿಕೊಂಡೆ. ಮೆತ್ತಗೆ, ಬೆಚ್ಚಗೆ, ಯಾವ ತಕರಾರೂ ಇಲ್ಲದೆ ಇತ್ತು. ಅಂದು ನಾನು ಸೀರೆಯ ನೆರಿಗೆಯನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ರುದ್ರಾಣಮ್ಮನ ಮನೆಯವರೆಗೆ ಸುಮ್ಮನೆ ನಡೆದು ಹೋಗಿ ಬಂದೆ. ಯಾಕೆ ಬಂದೆ ಎಂದು ಅವಳು ಕೇಳಿದರೆ ಹೇಳಲು ಒಂದು ಕಾರಣವೂ ಇರಲಿಲ್ಲ.

ಇನ್ನು ಒಂದೊಂದನ್ನೇ ಮರಳಿ ತರುವ ಕೆಲಸ. ಮನೆಯವರೆಲ್ಲ ತಿನ್ನುವುದು, ನಾನು ನೋವು ಬರುತ್ತದೆಯೇ ಎಂದು ಕಾಯುವುದು. ಆಲಿಸುವ ಹೊಟ್ಟೆ ಖಾಲಿ ಇರಬೇಕೆಂದು ಅತ್ತೆ ಹೇಳಿದ್ದರಿಂದ ನಾನು ಮಾತ್ರ ಅದೇ ಗಂಜಿ, ಅದೇ ತಿಳಿಸಾರಿನಲ್ಲಿ ಉಳಿದೆ. ಒಲೆಯವಳು ಹೊಟ್ಟೆ ತುಂಬಿಸಿಕೊಂಡರೆ ಬೇರೆಯವರ ನೋವು ಸರಿಯಾಗಿ ತಿಳಿಯುವುದಿಲ್ಲವಂತೆ. ಮೊದಲು ಈರುಳ್ಳಿ ಬಂತು. ಇವರು ಹಸಿ ಈರುಳ್ಳಿಯನ್ನು ಸೇಬಿನಂತೆ ಕಚ್ಚಿ ತಿಂದರು. ಏನೂ ಆಗಲಿಲ್ಲ. ಗೋಧಿ ಬಂತು, ಪ್ರಭು ಚಪಾತಿಯ ಮೇಲೆ ಚಪಾತಿ ಹಾಕಿಸಿಕೊಂಡ. ಏನೂ ಇಲ್ಲ. ಬೆಳ್ಳುಳ್ಳಿ, ತೊಗರಿಬೇಳೆ, ಉದ್ದಿನಬೇಳೆ, ಏನೂ ಇಲ್ಲ. ಕಡಲೆಹಿಟ್ಟಿನ ಸರದಿ ಬಂದ ದಿನ ಶೇಷಪ್ಪ ಹೋಟೆಲಿನ ಬಾಗಿಲಿಗೆ ಮಾವಿನೆಲೆ ಕಟ್ಟಿಸಿದ್ದ. ಇವರು ನಡುವಿನ ಮೇಜಿಗೆ ಕೂತು ಬೋಂಡ ತಿನ್ನುವುದನ್ನು ನೋಡಲು ಜನ ನಿಂತಿದ್ದರು. ಸುದ್ದಿ ಕೇಳಲು ಒಬ್ಬ ಸೈಕಲ್ಲಿನಲ್ಲಿ ನಮ್ಮ ಮನೆಗೂ ಹೋಟೆಲಿಗೂ ಓಡಾಡುತ್ತಿದ್ದ. ಸಂಜೆಯವರೆಗೂ ನನಗೆ ಏನೂ ಆಗಲಿಲ್ಲವೆಂದು ತಿಳಿದಾಗ ಶೇಷಪ್ಪ ಮಗಳ ಮದುವೆ ಗೊತ್ತಾದವನಂತೆ ಬೀದಿಯಲ್ಲಿ ನಿಂತು ಕೈ ಮುಗಿದನಂತೆ.

ಕೊನೆಗೆ ಹಾಲು ಬಂತು. ಅತ್ತೆ ಮೊದಲ ಕಾಫಿಯನ್ನು ಕಣ್ಣು ಮುಚ್ಚಿ ಕುಡಿದರು. ಮೂರು ದಿನ ಎಲ್ಲರೂ ಹಾಲು ಮೊಸರೆಂದು ಮೇಲೆ ಬಿದ್ದರು. ಪಾತ್ರೆಯಲ್ಲಿ ಮಿಕ್ಕಿದ್ದಕ್ಕೆ ಸಿಂಚನ ಹೆಪ್ಪು ಹಾಕುತ್ತಿದ್ದಳು. ನನ್ನ ಹೊಟ್ಟೆ ಸುಮ್ಮನೆ ಇತ್ತು.

ಅಂದರೆ ಯಾವುದೂ ಕಾರಣವಲ್ಲ. ನಮಗೆಲ್ಲ ಪೆಚ್ಚಾಯಿತು, ಆಮೇಲೆ ಖುಷಿಯಾಯಿತು. "ಒಲೆಗೆ ದಣಿವಾಗಿತ್ತು ಕಣೇ. ಒಂದಷ್ಟು ದಿನ ಸಪ್ಪೆ ಬೇಯಿಸಿದ್ದಕ್ಕೆ ಸುಧಾರಿಸಿಕೊಂಡಿದೆ," ಎಂದು ಅತ್ತೆ ತೀರ್ಮಾನ ಕೊಟ್ಟರು. ಭಾರದ ಒಲೆ ಹಗುರವಾಯಿತೆಂದು ಬೀದಿಗೆಲ್ಲ ಸಕ್ಕರೆ ಹಂಚಿದರು. ಪಾಡ್ಯಕ್ಕೆ ಇನ್ನು ಕೆಲವೇ ದಿನ ಉಳಿದಿತ್ತು. ನಾನೂ ಗಂಜಿ ಬಿಟ್ಟು ಎಲ್ಲರಂತೆ ಊಟ ಮಾಡಿದೆ.

ಮಾರನೆಯ ಬೆಳಿಗ್ಗೆ ತಿಂಡಿಯ ಪಾತ್ರೆಗಳನ್ನು ತೊಳೆಯಲು ಹಾಕಿ, ಪಾಡ್ಯಕ್ಕೆಂದು ಒಲೆಯ ಕಟ್ಟೆಯನ್ನು ಉಜ್ಜುತ್ತಿದ್ದೆ. ಹೊಕ್ಕುಳಿನ ಸುತ್ತ ಗುಡುಗುಡು ಶುರುವಾಯಿತು. ಇಲ್ಲ, ಹಾಗಾಗಲಾರದು ಎಂದುಕೊಂಡೆ. ಮೊದಲಿನಂತೆಯೇ ಒದ್ದೆ ಸೀರೆ ಹಿಂಡಿದ ನೋವು ಬಂತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನೋವಿಗಿಂತ ಹೆಚ್ಚಾಗಿ ನನಗೆ ಪಾಡ್ಯ ಕಣ್ಣ ಮುಂದೆ ಬಂದು ಅಳು ಬಂತು.

ಇವರನ್ನು ಅಂಗಡಿಯಿಂದ ಕರೆಸಿದರು. ಅತ್ತೆ ಊರುಗೋಲು ಹಿಡಿದು ನಿಂತೇ ಇದ್ದರು.

"ಎಲ್ಲಿ, ಏನು ತಿಂದೆ? ಬೊಗಳು."

"ಅವ್ವಾ, ಮನೇಲಿ ತಿಂದ ಎರಡು ಇಡ್ಲಿ ಬಿಟ್ಟು ಇನ್ನೇನೂ ಇಲ್ಲ. ಈ ಸಲ ದೇವರಾಣೆ."

"ಹೋದ ಸಲ ಯಾರಾಣೆ?"

ಪ್ರಭುವನ್ನು ಕೇಳಿದರು, ಅವನೂ ಇಡ್ಲಿಯೇ ಎಂದ. ಅತ್ತೆ ತಮ್ಮನ್ನು ತಾವೇ ಕೇಳಿಕೊಂಡರು, ಸಿಂಚನಳನ್ನು ಕೇಳಿದರು. ಎಲ್ಲರ ಬಾಯಿಯ ವಿಚಾರಣೆಯೂ ಮುಗಿಯಿತು. ಸಿಂಚನ ನನ್ನ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದಳು.

"ಅತ್ತೆ, ನೀವು ಏನು ತಿಂದ್ರಿ?" ಎಂದಳು.

ನನಗೆ ಪ್ರಶ್ನೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಡಾಕ್ಟರು ಕೇಳಿರಲಿಲ್ಲ, ಅತ್ತೆ ಕೇಳಿರಲಿಲ್ಲ, ಇವರು ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ನಮ್ಮೂರಿನಲ್ಲಿ ಒಲೆಯವಳನ್ನು ಯಾರೂ ಹಾಗೆ ಕೇಳುವುದಿಲ್ಲ.

"ನಾನಾ? ಏನೂ ಇಲ್ಲಮ್ಮ. ಇಡ್ಲಿ, ಚಟ್ನಿ. ಎಲ್ಲರೂ ತಿಂದಿದ್ದೇ."

"ಆಮೇಲೆ?"

"ಆಮೇಲೆ ಏನೂ ಇಲ್ಲ. ಪಾತ್ರೆ ಎತ್ತಿ ಹಾಕಿದೆ." ಹೇಳುತ್ತಿದ್ದಂತೆಯೇ ನನ್ನ ಬಾಯಿ ನಿಂತಿತು. "ಹಾಲು ಇತ್ತು. ತಳದಲ್ಲಿ, ಒಂದು ಲೋಟದಷ್ಟು. ಪಾತ್ರೆ ತೊಳೀಬೇಕಿತ್ತಲ್ಲ, ಚೆಲ್ಲೋದು ಯಾಕೆ ಅಂತ ಕುಡಿದೆ. ನಿಂತ್ಕೊಂಡೇ."

"ದಿನಾ ಕುಡೀತೀರಾ?"

ದಿನಾ ಕುಡಿಯುತ್ತಿದ್ದೆ. ಬೆಳಿಗ್ಗೆಯ ಕಾಫಿ ಮುಗಿದ ಮೇಲೊಮ್ಮೆ, ಸಂಜೆಯ ಕಾಫಿ ಮುಗಿದ ಮೇಲೊಮ್ಮೆ, ಮುಂದಿನ ಹಾಲಿಗೆ ಪಾತ್ರೆ ಖಾಲಿ ಮಾಡಲು. ಕೂತು ತಿಂದದ್ದು ಊಟ, ನಿಂತು ಬಾಯಿಗೆ ಸುರಿದುಕೊಂಡದ್ದು ಪಾತ್ರೆ ತೊಳೆಯುವ ಕೆಲಸದ ಒಂದು ಭಾಗ. ಅದು ನನ್ನೊಳಗೆ ಹೋಗುತ್ತಿದೆ ಎಂದೇ ನನಗೆ ಅನ್ನಿಸಿರಲಿಲ್ಲ. ಮನೆಯಲ್ಲಿ ಹಾಲು ನಿಂತಾಗ ಅದೂ ನಿಂತಿತ್ತು. ಸಿಂಚನ ಹೆಪ್ಪು ಹಾಕುತ್ತಿದ್ದ ದಿನಗಳಲ್ಲಿ ಕುಡಿಯಲು ಉಳಿದಿರಲಿಲ್ಲ.

ಅತ್ತೆ ನಕ್ಕುಬಿಟ್ಟರು. "ಹುಚ್ಚಿ. ಒಲೆಯವಳಿಗೆ ಸ್ವಂತ ಹೊಟ್ಟೆ ಎಲ್ಲಿಂದ ಬರುತ್ತೆ? ಇವನೇ ಏನೋ ಕದ್ದು ತಿಂದಿದ್ದಾನೆ, ಬಾಯಿ ಬಿಡ್ತಿಲ್ಲ."

ನಾನೂ ಸಿಂಚನಳೂ ವಾದಿಸಲು ಹೋಗಲಿಲ್ಲ. ಮುಂದಿನ ದಿನಗಳಲ್ಲಿ ಮನೆಯವರೆಲ್ಲ ಹಾಲು ಕುಡಿದರು, ನಾನು ಮುಟ್ಟಲಿಲ್ಲ. ನೋವಿಲ್ಲ. ಒಂದು ದಿನ ನಾನು ಕುಡಿದೆ. ಬಂತು. ಮತ್ತೆ ಬಿಟ್ಟೆ, ಹೋಯಿತು. ಪ್ರತಿ ಸಲವೂ ನಾವಿಬ್ಬರೂ ಅಡುಗೆಮನೆಯ ಕದದ ಹಿಂದೆ ನಿಂತು, ಕಳ್ಳನ ಹೆಜ್ಜೆ ಸಪ್ಪಳ ಕೇಳುವವರಂತೆ ನನ್ನ ಹೊಟ್ಟೆಗೆ ಕಿವಿಗೊಡುತ್ತಿದ್ದೆವು. ಮೊಸರು ಉಂಡೆ, ಅದಕ್ಕೆ ಏನೂ ಆಗಲಿಲ್ಲ. ತುಪ್ಪಕ್ಕೂ ಇಲ್ಲ. ಬರೀ ಹಾಲು. ನೋವು ಬಂದಾಗ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಮುಖದಲ್ಲಿ ನಗು ಬರುತ್ತಿತ್ತು. ಇದು ಇವರ ಬೋಂಡದ್ದಲ್ಲ, ಮಗನ ಚಪಾತಿಯದಲ್ಲ. ಇಷ್ಟು ವರ್ಷ ಬಾಡಿಗೆ ಮನೆಯೆಂದು ತಿಳಿದು ಗುಡಿಸಿದ ಮನೆ ನನ್ನ ಹೆಸರಿನಲ್ಲೇ ಇತ್ತು ಎಂದು ಯಾರೋ ಬಂದು ಹೇಳಿದಂತಿತ್ತು.

ಆದರೆ ಅತ್ತೆ ಒಪ್ಪದೆ ಬೀದಿ ಒಪ್ಪುವುದಿಲ್ಲ. ಮತ್ತೆ ನೋವು ಬಂದ ಸುದ್ದಿ ಹರಡಿ, ಸಿಂಚನಳನ್ನು ತವರಿಗೆ ಕಳಿಸಿಬಿಡುವುದು ವಾಸಿ ಎಂದು ಒಬ್ಬಿಬ್ಬರು ಆಡಿಕೊಂಡದ್ದೂ ಕಿವಿಗೆ ಬಿತ್ತು. ಪಾಡ್ಯಕ್ಕೆ ಎರಡು ದಿನ ಇರುವಾಗ ನಾನು ರುದ್ರಾಣಮ್ಮನ ಮನೆಗೆ ಹೋಗಿ, "ಪಾಡ್ಯದ ಹೂ ಕಟ್ಟೋದಕ್ಕೆ ಎಲ್ಲರೂ ನಮ್ಮ ಜಗಲಿಗೇ ಬನ್ನಿ. ನಾಳೆ ಬೆಳಿಗ್ಗೇನೇ ಬನ್ನಿ," ಎಂದೆ.

ಬಂದರು. ನಮ್ಮ ಜಗಲಿಯ ಒಂದು ಕಡೆ ಹೆಂಗಸರು ಸೇವಂತಿಗೆಯ ರಾಶಿ ಸುರಿದುಕೊಂಡು ಕೂತರು. ಇನ್ನೊಂದು ಕಡೆ ನಮ್ಮ ಮನೆಮಂದಿಯನ್ನು ಸಾಲಾಗಿ ಕೂರಿಸಿದೆ. ಇವರು, ಪ್ರಭು, ಸಿಂಚನ, ಕೊನೆಯಲ್ಲಿ ಅತ್ತೆ. ಎದ್ದಾಗಿನಿಂದ ನಾಲ್ವರೂ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ನಾನೂ ಅಷ್ಟೇ. ಹಿಂದಿನ ದಿನ ಎಲ್ಲರಿಗೂ ಗಂಜಿ ಹಾಕಿದ್ದೆ.

"ರುದ್ರಾಣಮ್ಮ, ನೀನೇ ಬಾಯಿ ನೋಡು," ಎಂದೆ.

ಅವಳು ನಿಜಕ್ಕೂ ಎದ್ದು ಬಂದು ಒಬ್ಬೊಬ್ಬರ ಬಾಯಿಯನ್ನೂ ಕುದುರೆ ಕೊಳ್ಳುವವಳಂತೆ ತೆರೆಸಿ ನೋಡಿದಳು. ಇವರ ಎದುರು ಹೆಚ್ಚು ಹೊತ್ತು ನಿಂತಳು. "ಶಂಭಣ್ಣನ ಬಾಯಲ್ಲಿ ಹಸಿವಿನ ವಾಸನೆ ಬಿಟ್ರೆ ಏನಿಲ್ಲ," ಎಂದು ಸಾರಿದಳು. ಹೆಂಗಸರು ನಕ್ಕರು.

"ನಗಿ, ನಗಿ. ನಾನು ಇವತ್ತು ಗೆಲ್ತೀನಿ," ಎಂದರು ಇವರು.

ನಾನು ದೊಡ್ಡ ಲೋಟದ ತುಂಬ ಹಾಲು ತಂದೆ. ಅಷ್ಟು ಜನರ ಮುಂದೆ, ಮಣೆ ಹಾಕಿಕೊಂಡು, ಕೂತು ಕುಡಿದೆ. ನಾನು ಕೂತು ಹಾಲು ಕುಡಿದದ್ದು ಅದೇ ಮೊದಲು. ಒಂದೊಂದು ಗುಟುಕಿಗೂ ರುಚಿ ಇತ್ತು. ಲೋಟ ಕೆಳಗಿಟ್ಟು ನಾನೂ ಹೂ ಕಟ್ಟಲು ಕೂತೆ.

ಮಾಲೆ ಮೊಣಕೈಯುದ್ದ ಬೆಳೆಯಿತು, ಮಾರುದ್ದ ಬೆಳೆಯಿತು. ಏನೂ ಆಗಲಿಲ್ಲ. ಅತ್ತೆ ಗೋಡೆಗೆ ಒರಗಿ, "ನಾನು ಹೇಳಿರಲಿಲ್ವಾ," ಎಂದು ಗೊಣಗಿದರು. ಸಿಂಚನಳ ಮುಖ ಬಿಳಿಚಿತ್ತು. ನನಗೆ ಒಳಗೊಳಗೇ ದಿಗಿಲಾಯಿತು. ಬಾ ತಾಯಿ, ಇಷ್ಟು ವರ್ಷ ಕರೆಯದೆ ಬಂದೆ, ಇವತ್ತೊಂದು ದಿನ ಕರೀತಿದ್ದೀನಿ, ಬಾ, ಎಂದು ಬೇಡಿಕೊಂಡೆ. ಹೊಟ್ಟೆನೋವು ಬರಲೆಂದು ಹರಸಿಕೊಂಡವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಬಂತು. ಮೊದಲು ನನಗೆ ಮಾತ್ರ ಗೊತ್ತಾಗುವಷ್ಟು. ಆಮೇಲೆ ಹೂ ಕಟ್ಟುತ್ತಿದ್ದ ಕೈಗಳೆಲ್ಲ ನಿಲ್ಲುವಷ್ಟು ಜೋರಾಗಿ, ಅಟ್ಟದ ಮೇಲೆ ಕುಂಬಳಕಾಯಿ ಉರುಳಿದಂತೆ, ಗುಡುಗುಡು ಗುಡುಗುಡು ಎಂದು ಉದ್ದಕ್ಕೆ.

"ಬಂತು!" ಎಂದು ಕಿರುಚಿದಳು ರುದ್ರಾಣಮ್ಮ. "ಬಂತು ಕಣ್ರೇ!"

ಹೆಂಗಸರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಮಡಿಲಿನ ಹೂವೆಲ್ಲ ಚೆಲ್ಲಿಹೋಯಿತು. ನಾನು ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಇವರು ಎದ್ದು ಜಗಲಿಯ ಮೇಲೆ ಹೆಗಲ ವಲ್ಲಿ ಬೀಸಿದರು. "ಇಪ್ಪತ್ತೈದು ವರ್ಷದಿಂದ ನನ್ನ ಬೋಂಡಕ್ಕೆ ಬೈದಿರಲ್ಲ, ಈಗ ಹೇಳಿ!" ಎಂದು ಬೀದಿಯ ಆ ತುದಿಗೆ ಕೇಳುವಂತೆ ಕೂಗಿದರು. ಯಾರೋ ಓಡಿ ಹೋಗಿ ಶೇಷಪ್ಪನಿಗೂ ಹೇಳಿದರು.

ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಬಂದರು. ನನ್ನ ಕೈಗಳನ್ನು ಸರಿಸಿ ತಮ್ಮ ಅಂಗೈಯನ್ನು ನನ್ನ ಹೊಟ್ಟೆಯ ಮೇಲಿಟ್ಟರು. ಒಳಗೆ ಅದು ಇನ್ನೂ ಉರುಳುತ್ತಿತ್ತು.

"ನಿಂದೇ ಕಣೇ," ಎಂದರು. "ಇದು ನಿಂದೇ." ಆಮೇಲೆ ನನಗೊಬ್ಬಳಿಗೇ ಕೇಳುವಂತೆ, "ನಾನೂ ಮಜ್ಜಿಗೆಹುಳಿಯ ತಳ ಬಳಿದು ತಿಂತಿದ್ದೆ. ನಿಂತ್ಕೊಂಡೇ. ಯಾರಿಗೆ ಗೊತ್ತು, ನಂದೂ ನಂದೇ ಇತ್ತೇನೋ," ಎಂದರು.

ಹೆಂಗಸರು ಕೂತು ಮತ್ತೆ ಹೂ ಕಟ್ಟಲಿಲ್ಲ. ಒಬ್ಬಳು ಕಡಲೆಕಾಯಿ ಹುರಿಯುವಾಗ ಬಾಯಾಡಿಸುವುದನ್ನು ನೆನಪು ಮಾಡಿಕೊಂಡಳು. ಇನ್ನೊಬ್ಬಳು ಮಕ್ಕಳು ತಟ್ಟೆಯಲ್ಲಿ ಬಿಟ್ಟ ಬ್ರೆಡ್ಡಿನ ಅಂಚುಗಳನ್ನು ನೆನೆದಳು. ರುದ್ರಾಣಮ್ಮ, "ನಾನು ಏನು ತಿಂತೀನಿ ಅಂತ ನಂಗೇ ಗೊತ್ತಿಲ್ವಲ್ರೇ," ಎಂದು ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಮನೆಗೆ ಹೋಗುವಾಗ ಅವರೆಲ್ಲ ಏನನ್ನೋ ಜೋಪಾನವಾಗಿ ಹೊತ್ತುಕೊಂಡವರಂತೆ ಹೊಟ್ಟೆಯ ಮೇಲೆ ಸೆರಗು ಸರಿಪಡಿಸಿಕೊಂಡು ನಡೆದರು.

ಸಂಜೆ ಹಬ್ಬದ ಮನೆ ಗಿಜಿಗುಟ್ಟುತ್ತಿತ್ತು. ನಾಳೆಯ ತಟ್ಟೆ ಸಿದ್ಧವಾಗಿತ್ತು. ಇವರಿಗೆ ಗೆದ್ದ ಖುಷಿ ಇನ್ನೂ ಇಳಿದಿರಲಿಲ್ಲ.

"ಇನ್ನೇನು ಚಿಂತೆ? ನಾಳೆ ಒಲೆ ಒಪ್ಪಿಸಿದ ಮೇಲೆ ನೀನು ಕೊಡಗಟ್ಟಲೆ ಹಾಲು ಕುಡಿ. ನಿನಗೇನೂ ಆಗಲ್ಲ," ಎಂದರು.

"ಹೌದು ಮತ್ತೆ. ಒಲೆ ಕೊಟ್ಟ ಮೇಲೆ ನಾನು ಕಲ್ಲು ತಿಂದು ಅರಗಿಸಿದ್ದೀನಿ," ಎಂದರು ಅತ್ತೆ.

ಹಣತೆಗಳಿಗೆ ಬತ್ತಿ ಹೊಸೆಯುತ್ತಿದ್ದ ಸಿಂಚನ ತಲೆಯೆತ್ತಿ ನಕ್ಕಳು. "ಕುಡೀರಿ ಅತ್ತೆ. ಒಂದು ಲೋಟ ಹಾಲಿನ ನೋವು ತಾನೇ? ನಾನಿದ್ದೀನಲ್ಲ."

ಅವಳು ಮನಸ್ಸಿನಿಂದಲೇ ಹೇಳಿದಳು. ಅದೇ ನನ್ನನ್ನು ಚುಚ್ಚಿತು. ನಾನು ನಕ್ಕು, ಬಚ್ಚಲಿನ ಒಲೆಗೆ ಸೌದೆ ನೋಡುವ ನೆಪ ಮಾಡಿಕೊಂಡು ಹಿತ್ತಲಿಗೆ ಹೋದೆ.

ಪಾಡ್ಯಕ್ಕೆ ಒಲೆ ಒಪ್ಪಿಸಬೇಕು, ಒಪ್ಪಿಸುತ್ತೇನೆ. ಆ ಒಲೆ ಹಗುರ ಎಂದು ಈಗ ನನಗೆ ಗೊತ್ತು, ಧೈರ್ಯವಾಗಿ ಅವಳ ಕೈಗೆ ಕೊಡಬಹುದು. ಆದರೆ ಅದರ ಜೊತೆಗೆ ನನ್ನ ಹೊಟ್ಟೆಯನ್ನೂ ತಟ್ಟೆಯಲ್ಲಿಟ್ಟು ಕೊಡಬೇಕೇ? ಮೊನ್ನೆ ಮೊನ್ನೆ ಸಿಕ್ಕಿದ್ದು. ಇನ್ನೂ ಅದರ ಪರಿಚಯವೇ ಸರಿಯಾಗಿ ಆಗಿಲ್ಲ. ಅದಕ್ಕೆ ಏನು ಹಿಡಿಸುತ್ತದೆ, ಏನು ಹಿಡಿಸುವುದಿಲ್ಲ, ಯಾವಾಗ ಹಸಿಯುತ್ತದೆ, ಎಷ್ಟಕ್ಕೆ ತೃಪ್ತಿ. ಎಷ್ಟೊಂದು ಕೇಳುವುದಿದೆ. ಮನೆಯಲ್ಲಿ ಬೇರೆ ಒಲೆ ಹೂಡಿದಳೆಂದರೆ ಪಾಲಾಗಿ ಹೋದಳೆಂದೇ ಜನ ಮಾತಾಡುತ್ತಾರೆ. ಮಾತಾಡಲಿ. ಒಂದು ಚಿಕ್ಕ ಪಾತ್ರೆ, ಒಂದು ಹಿಡಿ ಅಕ್ಕಿ, ನನ್ನ ಕೈಯಿಂದ ಗೀರಿದ ಒಂದು ಕಡ್ಡಿ ಸಾಕು, ನನ್ನ ಹೊಟ್ಟೆ ನನ್ನಲ್ಲೇ ಉಳಿಯುತ್ತದೆ.

ಬಾವಿಕಟ್ಟೆ ಕಟ್ಟಿ ಮಿಕ್ಕಿದ್ದ ಇಟ್ಟಿಗೆಗಳು ಗೋಡೆಯ ಪಕ್ಕ ಬಿದ್ದಿದ್ದವು. ಅಂಚು ಮುಕ್ಕಾಗದ ಮೂರನ್ನು ಆರಿಸಿ ಮಣ್ಣು ಕೊಡವಿದೆ. ನುಗ್ಗೆಮರದ ಕೆಳಗೆ, ಗಾಳಿ ಬೀಸದ ಕಡೆ, ಎರಡನ್ನು ಎದುರುಬದುರಾಗಿ, ಒಂದನ್ನು ಹಿಂದೆ ಇಟ್ಟು, ಪಾತ್ರೆ ಕೂರುತ್ತದೆಯೇ ಎಂದು ಅಂಗೈ ಚಾಚಿ ಅಳತೆ ನೋಡಿದೆ.

"ಏನೇ ಮಾಡ್ತಿದ್ದೀಯ ಅಲ್ಲಿ?" ಎಂದು ಇವರು ಒಳಗಿನಿಂದ ಕೂಗಿದರು.

"ಏನಿಲ್ಲ, ಬಂದೆ," ಎಂದೆ.